ಮಲ್ಪೆಯಿಂದ ಗೈಡ್ ಜೊತೆ ಹೋಗಿ ಸೇಲ್‌ಫಿಶ್, ಮಾರ್ಲಿನ್ ಹಿಡಿಯಬಹುದಾ? ಕೊಟ್ಟ ದುಡ್ಡಿಗೆ ಮೋಸ ಇಲ್ಲವಾ?

ನೀವು ಡಿಸೆಂಬರ್‌ನಲ್ಲಿ ಎರಡು ದಿನ ಉಡುಪಿಯಲ್ಲಿ ಇರ್ತೀರಿ. ಹೊಳೆಯಲ್ಲಿ ಗಾಳ ಹಾಕಿ ಅಭ್ಯಾಸ ಇದೆ, ಕಡಲಿಗೆ ಹೋದವರಲ್ಲ. ಮಲ್ಪೆಯಿಂದ ಬೋಟಿನಲ್ಲಿ ಹೋಗಿ ಫೋಟೋಗಳಲ್ಲಿ ಕಾಣುವಂಥ, ಈಟಿಯ ಥರ ಮೂತಿ ಇರುವ ಸೇಲ್‌ಫಿಶ್, ಮಾರ್ಲಿನ್ ಥರದ ದೊಡ್ಡ ಮೀನು ಹಿಡಿಯಬೇಕು ಅಂತ ಆಸೆ. ಪ್ರಶ್ನೆ ಇಷ್ಟೇ ಅಲ್ವಾ?

ಹೋಗಬಹುದು. ಆದರೆ ಮಾರ್ಲಿನ್ ಮರೆತುಬಿಡಿ, ಅಂಜಲ್ (ಸುರ್ಮಾಯಿ, ಕಿಂಗ್‌ಫಿಶ್ ಅಂತಲೂ ಕರೀತಾರೆ) ಅಂತ ಮನಸ್ಸು ಮಾಡಿಕೊಂಡು ಬನ್ನಿ.

ಯಾಕೆ ಅಂದರೆ ನಮ್ಮ ಕಡಲಿನ ತಳ ಹಾಗಿದೆ. ಮಲ್ಪೆ ಎದುರು ನೆಲ ಬಹಳ ನಿಧಾನಕ್ಕೆ ಇಳಿಯುತ್ತದೆ. ಸೇಂಟ್ ಮೇರೀಸ್ ದ್ವೀಪ ದಡದಿಂದ ಸುಮಾರು 6 ಕಿಲೋಮೀಟರ್. ಅದನ್ನು ದಾಟಿ ಇನ್ನೊಂದು ಗಂಟೆ ಓಡಿದರೂ ನೀರಿನ ಆಳ ಹದಿನೈದು ಇಪ್ಪತ್ತು ಮಾರು ಅಷ್ಟೇ (ಒಂದು ಮಾರು ಅಂದರೆ ಸುಮಾರು ಆರು ಅಡಿ). ನೆಲ ಒಮ್ಮೆಲೇ ಕುಸಿದು ನಿಜವಾದ ಆಳ ಶುರುವಾಗುವ ಅಂಚು ಇರುವುದು ಸುಮಾರು 80 ಕಿಲೋಮೀಟರ್ ಆಚೆ. ಮಾರ್ಲಿನ್ ತಿರುಗಾಡುವುದು ಅಂಥ ನೀಲಿ ನೀರಿನಲ್ಲಿ. ಅಂಡಮಾನಿನಲ್ಲೋ ಹವಾಯಿಯ ಕೋನಾದಲ್ಲೋ ದಡದ ಹತ್ತಿರವೇ ಆಳ ಸಿಗುತ್ತದೆ, ಹಾಗಾಗಿ ಅಲ್ಲಿ ಅರ್ಧ ದಿನದ ಟ್ರಿಪ್ ಸಾಕು. ಇಲ್ಲಿ ಅರ್ಧ ದಿನ ಬರೀ ಹೋಗುವುದಕ್ಕೇ ಬೇಕು. ಸೇಲ್‌ಫಿಶ್ ಮಲ್ಪೆ ಬಂದರಿನಲ್ಲಿ ಏಲಕ್ಕೆ ಬೀಳುವುದನ್ನು ನಾನೇ ನೋಡಿದ್ದೇನೆ. ಆದರೆ ಅವು ದಿನಗಟ್ಟಲೆ ಕಡಲಲ್ಲಿ ಇದ್ದು ಬಂದ ಬೋಟುಗಳ ಮೀನು. ನಿಮ್ಮ ಗಾಳಕ್ಕೆ ಒಂದು ಸಿಕ್ಕಿದರೆ ಅದು ನಿಮ್ಮ ಅದೃಷ್ಟ, ಗೈಡ್ ಕೊಟ್ಟ ಮಾತಲ್ಲ.

ನನ್ನ ಮೊದಲ ಟ್ರಿಪ್ಪು ಹಾಳಾದದ್ದೇ ಇದರಿಂದ. ಫೋನಿನಲ್ಲಿ ಮಾರ್ಲಿನ್ ಫೋಟೋ ಹಾಕಿದ್ದ ಒಬ್ಬರನ್ನು ನಂಬಿ ಹೊರಟೆ. ಆ ಫೋಟೋದ ನೀರಿನ ಬಣ್ಣ ನೋಡಿಯೇ ನನಗೆ ಗೊತ್ತಾಗಬೇಕಿತ್ತು, ಅದು ನಮ್ಮ ಕಡಲಲ್ಲ. ಬೆಳಿಗ್ಗೆ ಹತ್ತೂವರೆಗೆ ಹೊರಟೆವು, ಗೋಳಿಬಜೆ ತಿಂದು. ರಾತ್ರಿ ದಡದಿಂದ ಕಡಲ ಕಡೆ ಬೀಸುವ ತಣ್ಣನೆ ಗಾಳಿ ಬೆಳಿಗ್ಗೆವರೆಗೆ ಇರುತ್ತದೆ, ಆಗ ನೀರು ಶಾಂತ. ಬಿಸಿಲೇರಿದ ಮೇಲೆ ಗಾಳಿ ಕಡಲಿಂದ ದಡಕ್ಕೆ ತಿರುಗುತ್ತದೆ. ಸರಿಯಾಗಿ ಆ ಹೊತ್ತಿಗೆ ನಾವು ನಡುನೀರಿನಲ್ಲಿ ಇದ್ದೆವು. ಬೋಟು ಉಯ್ಯಾಲೆ. ಗೋಳಿಬಜೆ ಬಂದ ದಾರಿಯಲ್ಲೇ ವಾಪಸ್ ಹೋಯಿತು. ದಾರ ಸುತ್ತುವ ರೀಲಿಗೆ ತುಕ್ಕು ಹಿಡಿದಿತ್ತು. ಒಂದೇ ಒಂದು ಮೀನು ಎಳೆಯಿತು, ಮರುಕ್ಷಣ ದಾರ ಕತ್ತರಿ ಹಾಕಿದ ಹಾಗೆ ತುಂಡು. ಅಂಜಲಿನ ಹಲ್ಲು ಬ್ಲೇಡಿನ ಥರ, ಗಾಳದ ಮುಂದೆ ಒಂದು ಗೇಣು ಸ್ಟೀಲ್ ತಂತಿ ಇಲ್ಲದಿದ್ದರೆ ಆಗುವುದೇ ಹೀಗೆ. ಮರಳಿ ಬರುವಾಗ ಬಂದರಿನಲ್ಲಿ ಎರಡು ಕಿಲೋ ಬಂಗುಡೆ ಕೊಂಡು ಮನೆಗೆ ಹೋದೆ. ಅಮ್ಮ ಚೀಲ ಬಿಚ್ಚಿ ನೋಡಿ, “ಇದಕ್ಕೆ ಇಷ್ಟು ದೂರ ಹೋಗಬೇಕಿತ್ತಾ?” ಅಂದರು.

ಎರಡನೇ ಸಲ ಕರೆದುಕೊಂಡು ಹೋದವರು ವರ್ಷಗಟ್ಟಲೆ ಮೀನುಗಾರಿಕೆ ಬೋಟಿನಲ್ಲಿ ತಾಂಡೇಲರಾಗಿದ್ದವರು, ಅಂದರೆ ಬೋಟು ನಡೆಸುವ ಮುಖ್ಯಸ್ಥರು. ಅವರು ಬುಕ್ ಮಾಡಿದ ದಿನ ಕರೆದುಕೊಂಡೇ ಹೋಗಲಿಲ್ಲ. ಹಿಂದಿನ ರಾತ್ರಿ ಫೋನ್ ಮಾಡಿ, “ನಾಳೆ ಗಾಳಿ ಉಂಟು, ಬೇಡ ಮಾರಾಯ್ರೆ, ನಾಡಿದ್ದು ಹೋಗುವ” ಅಂದರು. ಅಡ್ವಾನ್ಸ್ ಬೇಕಾದರೆ ವಾಪಸ್ ಕೊಡ್ತೇನೆ ಅಂತಲೂ ಹೇಳಿದರು. ನನಗೆ ಆಗಲೇ ನಂಬಿಕೆ ಬಂತು.

ಬೆಳಗಿನ ಜಾವ ಐದಕ್ಕೆ ಹೊರಟೆವು. ದ್ವೀಪ ಕತ್ತಲಲ್ಲಿ ಮಲಗಿದ ಎಮ್ಮೆಯ ಥರ ಕಾಣುತ್ತಿತ್ತು. ಬೆಳಕು ಹರಿಯುವ ಹೊತ್ತಿಗೆ ಹಿಂದುಗಡೆ ನಾಲ್ಕು ರಾಡ್ ಸಿಕ್ಕಿಸಿ, ಮೀನಿನಾಕಾರದ ಪ್ಲಾಸ್ಟಿಕ್ ಲ್ಯೂರುಗಳನ್ನು ನೀರಿಗೆ ಬಿಟ್ಟರು. ಒಂದು ಹತ್ತಿರ, ಒಂದು ದೂರ, ಎಲ್ಲ ಒಂದೇ ಅಳತೆಯಲ್ಲ. ಬೋಟು ಗಂಟೆಗೆ ಹತ್ತು ಹನ್ನೊಂದು ಕಿಲೋಮೀಟರ್ ವೇಗದಲ್ಲಿ ಹೋಗ್ತಾ ಇರಬೇಕು, ಲ್ಯೂರು ಹೆದರಿ ಓಡುವ ಬಂಗುಡೆಯ ಥರ ಅಲುಗಾಡಬೇಕು. ಇದಕ್ಕೆ ಟ್ರೋಲಿಂಗ್ ಅಂತಾರೆ. ತಾಂಡೇಲರು ನೀರು ನೋಡುತ್ತಿರಲಿಲ್ಲ, ಆಕಾಶ ನೋಡುತ್ತಿದ್ದರು. ಕಡಲಹಕ್ಕಿಗಳು ಒಂದೇ ಕಡೆ ಮುಳುಗಿ ಏಳುತ್ತಿದ್ದರೆ ಅಲ್ಲಿ ಸಣ್ಣ ಮೀನಿನ ಹಿಂಡು, ಅದರ ಕೆಳಗೆ ದೊಡ್ಡದು.

ಒಂದೂವರೆ ಗಂಟೆ ಏನೂ ಇಲ್ಲ. ಇದನ್ನು ಯಾರೂ ವಿಡಿಯೋದಲ್ಲಿ ತೋರಿಸುವುದಿಲ್ಲ. ಡೀಸೆಲ್ ವಾಸನೆ, ಬಿಸಿಲು, ನಿದ್ದೆ.

ಆಮೇಲೆ ಒಂದು ರೀಲು ಕಿರುಚಿತು. ನಾನು ಓಡಿ ರಾಡ್ ಹಿಡಿದೆ. ದಾರ ಹೊರಗೆ ಹೋಗುತ್ತಲೇ ಇದೆ, ನಿಲ್ಲುವ ಲಕ್ಷಣವೇ ಇಲ್ಲ. ರೀಲಿನಲ್ಲಿ ಡ್ರ್ಯಾಗ್ ಅಂತ ಒಂದು ಬ್ರೇಕ್ ಇರುತ್ತದೆ. ಮೀನು ಜೋರಾಗಿ ಎಳೆದಾಗ ದಾರ ತುಂಡಾಗುವ ಬದಲು ಜಾರಲಿ ಅಂತ. ದಾರ ತಡೆಯುವ ತೂಕದ ಮೂರನೇ ಒಂದು ಭಾಗಕ್ಕೆ ಅದನ್ನು ಮೊದಲೇ ಬಿಗಿ ಮಾಡಿಟ್ಟಿರುತ್ತಾರೆ, 50 ಪೌಂಡಿನ ದಾರಕ್ಕೆ ಸುಮಾರು ಏಳೂವರೆ ಕಿಲೋ. ಇದೆಲ್ಲ ನನಗೆ ಗೊತ್ತಿತ್ತು. ಆದರೂ ಎಲ್ಲ ದಾರ ಹೋಗಿಬಿಡುತ್ತದೆ ಅಂತ ಹೆದರಿ ಅದನ್ನೇ ತಿರುಗಿಸಿ ಬಿಗಿ ಮಾಡಿದೆ. “ಎಂತ ಮಾರಾಯ್ರೆ, ಕೈ ತೆಗೀರಿ!” ಅಂತ ತಾಂಡೇಲರು ಕೂಗುವುದಕ್ಕೂ ರಾಡ್ ಹಗುರಾಗುವುದಕ್ಕೂ ಸರಿಹೋಯಿತು. ಮೀನಿನ ಬಾಯಿ ಹರಿದು ಗಾಳ ಹೊರಗೆ ಬಂದಿತ್ತು. ಲ್ಯೂರಿನ ಬಣ್ಣದ ಮೇಲೆ ಉಗುರಿನಲ್ಲಿ ಗೀರಿದಂತೆ ಸಾಲಾಗಿ ಹಲ್ಲಿನ ಗುರುತು. ಅದನ್ನು ಅವರಿಂದ ಕೇಳಿ ತೆಗೆದುಕೊಂಡೆ, ಈಗಲೂ ಟಿವಿ ಪಕ್ಕದಲ್ಲಿ ಇದೆ.

ಎರಡನೆಯದಕ್ಕೆ ಸುಮ್ನೆ ನಿಂತೆ. ಅಂಜಲ್ ಮೊದಲ ಓಟ ಹುಚ್ಚು ಹಿಡಿದ ಹಾಗೆ ಓಡುತ್ತದೆ, ಓಡಲಿ. ನಿಂತ ಮೇಲೆ ರಾಡ್ ನಿಧಾನಕ್ಕೆ ಮೇಲೆತ್ತಬೇಕು, ಇಳಿಸುವಾಗ ರೀಲು ಸುತ್ತಬೇಕು, ದಾರ ಸಡಿಲ ಬಿಡಬಾರದು. ಹತ್ತು ನಿಮಿಷ ಆಗಿರಬಹುದು, ನನ್ನ ಮೊಣಕೈ ಅರ್ಧ ಗಂಟೆ ಅಂತ ಹೇಳಿತು. ಬಂದರಿನಲ್ಲಿ ತೂಗಿದಾಗ ಐದು ಕಿಲೋ ಮುನ್ನೂರು ಗ್ರಾಂ. ಗಾಳಕ್ಕೆ ಸಿಕ್ಕ ಅಂಜಲಿನ ವಿಶ್ವದಾಖಲೆ 44.9 ಕಿಲೋ, 1982ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಹಿಡಿದದ್ದು. ನನ್ನದು ಅದರ ಮರಿಮಗ. ಆದರೂ ಮೂರು ಮನೆಗೆ ಹಂಚಿದೆವು.

ಅಂಜಲ್ ಅಲ್ಲದೆ ಕೇದರ (ಟ್ಯೂನಾ), ಕೊಕ್ಕರ್, ಬರ್ರಕುಡಾ ಸಿಗಬಹುದು. ನೀರೊಳಗಿನ ಕಲ್ಲುಗಳ ಮೇಲೆ ಬೋಟು ನಿಲ್ಲಿಸಿದರೆ ಮುರು ಮೀನು. ಆ ಕಲ್ಲುಗಳ ಜಿಪಿಎಸ್ ಪಾಯಿಂಟ್ ಮಾತ್ರ ಕೇಳಬೇಡಿ, ಮನೆಯ ಬೀಗದ ಕೈ ಕೇಳಿದ ಹಾಗೆ ನೋಡ್ತಾರೆ. ಕೇದರ ಸಿಕ್ಕಿದರೆ ತಕ್ಷಣ ರಕ್ತ ಹರಿಸಿ ಐಸಿನೊಳಗೆ ಹಾಕಿಸಿ. ಬಿಸಿಲಲ್ಲಿ ಬಿಟ್ಟರೆ ಅದರಲ್ಲಿ ಹಿಸ್ಟಮಿನ್ ಅನ್ನೋದು ಸೇರಿಕೊಳ್ಳುತ್ತದೆ, ಎಷ್ಟು ಬೇಯಿಸಿದರೂ ಹೋಗುವುದಿಲ್ಲ, ತಿಂದವರಿಗೆ ಮೈಯೆಲ್ಲ ಕೆಂಪಾಗಿ ತುರಿಕೆ. ತಿಮಿಂಗಿಲ ಶಾರ್ಕ್ ಕಂಡರೆ ಫೋಟೋ ತೆಗೆದು ದೂರ ಸರಿಯಿರಿ, 2001ರಿಂದ ಅದು ಹುಲಿಗೆ ಇರುವಷ್ಟೇ ರಕ್ಷಣೆ ಇರುವ ಜೀವಿ.

ಬುಕ್ ಮಾಡುವ ಮೊದಲು ಎಷ್ಟು ರೇಟು ಅಂತ ಕೇಳುವುದಕ್ಕಿಂತ, ಗಾಳಿ ಎದ್ದರೆ ಏನು ಮಾಡ್ತೀರಿ ಅಂತ ಕೇಳಿ. “ಏನಾಗಲ್ಲ ಸರ್” ಅಂದರೆ ಬೇರೆಯವರನ್ನು ಹುಡುಕಿ. ಜನರನ್ನು ಕರೆದೊಯ್ಯುವ ಪರವಾನಗಿ ಇದೆಯಾ ಅಂತಲೂ ಕೇಳಿ, ಮೀನು ಹಿಡಿಯುವ ಲೈಸೆನ್ಸು ಬೇರೆ, ಇದು ಬೇರೆ. ಎಲ್ಲರಿಗೂ ಲೈಫ್ ಜಾಕೆಟ್ ಮತ್ತು ವೈರ್‌ಲೆಸ್ ಇರಲೇಬೇಕು. ಕೋಸ್ಟ್ ಗಾರ್ಡ್ ನಂಬರ್ 1554 ಫೋನಿನಲ್ಲಿ ಹಾಕಿಟ್ಟುಕೊಳ್ಳಿ, ಆದರೆ ದೂರ ಹೋದ ಮೇಲೆ ಫೋನಿಗೆ ಸಿಗ್ನಲ್ ಇರುವುದಿಲ್ಲ ಅನ್ನೋದೂ ನೆನಪಿರಲಿ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಅಲೆ ಮತ್ತು ಗಾಳಿಯ ಮುನ್ಸೂಚನೆ ಕೊಡುತ್ತದೆ, ನೀವೇ ನೋಡಿಕೊಳ್ಳಬಹುದು. ದುಡ್ಡು ಜಾಸ್ತಿ ಹೋಗುವುದು ಡೀಸೆಲ್‌ಗೆ, ಹಾಗಾಗಿ ಒಬ್ಬರೇ ಹೋದರೂ ನಾಲ್ಕು ಜನ ಹೋದರೂ ಬೋಟಿನ ಖರ್ಚು ಹೆಚ್ಚುಕಡಿಮೆ ಅಷ್ಟೇ. ಜೊತೆಗೆ ಜನ ಮಾಡಿಕೊಳ್ಳಿ. ರಾಡ್ ನಿಮ್ಮ ಕೈಗೆ ಕೊಡ್ತಾರಾ ಅಂತ ಮೊದಲೇ ಮಾತಾಡಿ. ಕೆಲವರು ಮೀನು ಪೂರ್ತಿ ಸುಸ್ತಾದ ಮೇಲೆ ಫೋಟೋಗೆ ಅಂತ ಕೊಡ್ತಾರೆ.

ವಾಂತಿ ತಡೆಯುವ ಮಾತ್ರೆ ಬೋಟು ಹತ್ತಿದ ಮೇಲೆ ನುಂಗಿದರೆ ಪ್ರಯೋಜನ ಇಲ್ಲ, ಮೊದಲೇ ತೆಗೆದುಕೊಳ್ಳಬೇಕು. ಯಾವುದು ಅಂತ ನಿಮ್ಮ ಡಾಕ್ಟರನ್ನು ಕೇಳಿ. ಬೆಳಿಗ್ಗೆ ಖಾಲಿ ಹೊಟ್ಟೆಯೂ ಬೇಡ, ಎರಡು ಇಡ್ಲಿ ಸಾಕು. ತಲೆ ತಿರುಗಿದರೆ ಫೋನ್ ಒಳಗಿಟ್ಟು ದೂರದಲ್ಲಿ ಕಡಲು ಆಕಾಶ ಸೇರುವ ಗೆರೆ ನೋಡಿ.

ಡಿಸೆಂಬರ್ ಒಳ್ಳೆಯ ತಿಂಗಳು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ನಿಷೇಧ, ಆಗಸ್ಟಿನಲ್ಲೂ ಕಡಲು ಪೂರ್ತಿ ತಣಿದಿರುವುದಿಲ್ಲ. ನಿಮ್ಮ ಎರಡು ದಿನದಲ್ಲಿ ಮೊದಲನೆಯ ದಿನಕ್ಕೇ ಬುಕ್ ಮಾಡಿ. ತಾಂಡೇಲರು ಬೇಡ ಅಂದರೆ ಆ ದಿನ ಕೃಷ್ಣ ಮಠ, ಮಲ್ಪೆ ಬೀಚ್ ಮುಗಿಸಿಕೊಳ್ಳಿ. ಎರಡನೇ ದಿನ ಇದ್ದೇ ಇದೆಯಲ್ಲ.