ಅಮೆರಿಕದ ಬಡಾವಣೆಯ ಬೀದಿಗಳು ಬಿಕೋ ಅನ್ನುತ್ತವೆ, ಆಫ್ರಿಕಾದ ಊರುಗಳಲ್ಲಿ ಬೀದಿ ತುಂಬ ಜನ. ಯಾಕೆ ಹೀಗೆ?

ಜನರ ಸ್ವಭಾವದ ಮೇಲೆ ಗೂಬೆ ಕೂರಿಸುವ ಮೊದಲು, ಯಾವ ಜಾಗದಲ್ಲಿ ಏನು ಮಾಡಲು ಅಪ್ಪಣೆ ಇದೆ ಅಂತ ನೋಡಿ. ಹೋಲಿಕೆಗೆ ಘಾನಾದ ಕುಮಾಸಿ ನಗರವನ್ನೂ ಅಮೆರಿಕದ ನಗರಗಳ ಹೊರವಲಯವನ್ನೂ ತೆಗೆದುಕೊಳ್ಳುತ್ತೇನೆ. (ನ್ಯೂಯಾರ್ಕಿನ ಬ್ರೂಕ್ಲಿನ್‌ನಂಥ ಹಳೆಯ ಪೇಟೆಗಳ ಲೆಕ್ಕ ಬೇರೆ.)

ಮನೆ, ಅಂಗಡಿ, ಕಾರ್ಖಾನೆಗಳಿಗೆ ಬೇರೆ ಬೇರೆ ವಲಯ ಗುರುತಿಸುವ ಅಧಿಕಾರ ಊರಾಡಳಿತಕ್ಕೆ ಇದೆ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1926ರಲ್ಲಿ, ಓಹಾಯೋದ ಯೂಕ್ಲಿಡ್ ಎಂಬ ಊರಿನ ಮೊಕದ್ದಮೆಯಲ್ಲಿ ಹೇಳಿತು. ಆಮೇಲೆ ಎದ್ದ ಬಡಾವಣೆಗಳಲ್ಲಿ ಸಾಮಾನ್ಯವಾಗಿ ಮನೆ ಮುಂದೆ ಕಿರಾಣಿ ಅಂಗಡಿ ತೆರೆಯುವಂತಿಲ್ಲ. 1947ರಲ್ಲಿ ನ್ಯೂಯಾರ್ಕ್ ಬಳಿ ಶುರುವಾದ ಬಡಾವಣೆ ಲೆವಿಟ್‌ಟೌನ್‌ನ ನಿವೇಶನ 60×100 ಅಡಿ, ಅಂದರೆ ನಮ್ಮ 30×40 ಸೈಟಿನ ಐದು ಪಟ್ಟು. ಬಾಗಿಲುಗಳೇ ದೂರ ದೂರ. ಮೇಲಾಗಿ ಗ್ಯಾರೇಜು ಮನೆಗೇ ಅಂಟಿಕೊಂಡಿದ್ದರೆ ಕಾರು ಒಳಗೆ ಹೋಗುತ್ತದೆ, ಶಟರ್ ಇಳಿಯುತ್ತದೆ, ಮುಖ ಕಾಣುವುದಿಲ್ಲ. ಮಕ್ಕಳು ನಿಂಬೆ ಶರಬತ್ತು ಮಾರಲು ಲೈಸೆನ್ಸ್ ಬೇಡ ಅಂತ ಯೂಟಾ ರಾಜ್ಯ 2017ರಲ್ಲಿ ಕಾನೂನನ್ನೇ ಮಾಡಬೇಕಾಯಿತು! ಬೀದಿಗೆ ಕಳೆ ಬರುವುದು ಮಕ್ಕಳು ವೇಷ ಹಾಕಿ ಮನೆಮನೆಗೆ ಮಿಠಾಯಿ ಕೇಳಿಕೊಂಡು ಬರುವ ಅಕ್ಟೋಬರ್ 31ರ ಹ್ಯಾಲೋವೀನ್ ಸಂಜೆ, ಇಲ್ಲವೇ ಮನೆ ಮುಂದೆ ಹಳೇ ಸಾಮಾನು ಹರಡಿ ಮಾರುವ ಶನಿವಾರ.

ಕುಮಾಸಿಯಲ್ಲಿ ಎಷ್ಟೋ ಮನೆಗಳಿಗೆ ಗೇಟಿನ ಪಕ್ಕದ ಪೆಟ್ಟಿಗೆ ಅಂಗಡಿಯೇ ಸಂಪಾದನೆ. ಬೆಳಿಗ್ಗೆ ಎಲೆಯಲ್ಲಿ ಕಟ್ಟಿಕೊಡುವ ವಾಚೆ (ಅಲಸಂದೆ ಹಾಕಿ ಬೇಯಿಸಿದ ಅನ್ನ), ಜೊತೆಗೆ ಶಿಟೊ ಎಂಬ ಖಾರದ ಚಟ್ನಿ. ಸಂಜೆಗೆ ಶುಂಠಿ, ಮೆಣಸಿನಕಾಯಿ ಹಚ್ಚಿ ಕರಿದ ಬಾಳೆಹಣ್ಣು, ಕೆಲೆವೆಲೆ. ತಲೆಮೇಲೆ ಹೊತ್ತು ಮಾರುವ ನೀರಿನ ಪೊಟ್ಟಣ 500 ಮಿ.ಲೀ.; ಮೂಲೆ ಕಚ್ಚಿ ಕುಡಿಯುವುದು. ಜನ ಹಂಚಿಕೊಂಡು ಓಡಾಡುವ ಟ್ರೋಟ್ರೋ ಎಂಬ ಬಾಡಿಗೆ ವ್ಯಾನಿಗೆ ವೇಳಾಪಟ್ಟಿ ಇಲ್ಲ, ನಿಲ್ದಾಣದಲ್ಲಿ ಸೀಟು ತುಂಬಿದ ಮೇಲೆಯೇ ಹೊರಡುತ್ತದೆ. ಕಂಡಕ್ಟರನಿಗೆ 'ಮೇಟ್' ಅನ್ನುತ್ತಾರೆ. ಚಿಲ್ಲರೆ ಇಟ್ಟುಕೊಂಡಿರಿ, ಬಲಗೈಯಲ್ಲೇ ಕೊಡಿ. ಎಡಗೈ ಚಾಚಿದರೆ ನಮ್ಮೂರಲ್ಲಿ ಹಿರಿಯರು ಮುಖ ಸಿಂಡರಿಸುವಂತೆ ಅಲ್ಲೂ ಸಿಂಡರಿಸುತ್ತಾರೆ. ಅಂಗಡಿಯಲ್ಲಿ ಬೆಲೆ ಕೇಳುವ ಮುಂಚೆ ಬೆಳಗಿನ ಹೊತ್ತಾದರೆ 'ಮಾಚೆ' ಅಂತ ನಮಸ್ಕಾರ ಹೇಳಬೇಕು, ನೇರ ವ್ಯವಹಾರಕ್ಕಿಳಿದರೆ ಒರಟು ಅನ್ನಿಸುತ್ತದೆ. ಶನಿವಾರ ಉತ್ತರಕ್ರಿಯೆಯ ಶಾಮಿಯಾನ ರಸ್ತೆಗೇ ಬಂದಿರುವುದುಂಟು. ವಾಹನದವರು ಸುತ್ತಿಕೊಂಡು ಹೋಗುತ್ತಾರೆ.

ಈ ಗಲಗಲಕ್ಕೆ ಮರುಳಾಗಿ ಚರಂಡಿ ಮರೆಯಬೇಡಿ. ರಸ್ತೆಯಂಚಿನ ಆಳವಾದ ಮೋರಿಗೆ ಹಲವು ಕಡೆ ಚಪ್ಪಡಿಯೇ ಇಲ್ಲ. ಕರೆಂಟ್ ಹೋದ ರಾತ್ರಿ ಟಾರ್ಚ್ ಬೇಕೇ ಬೇಕು. ಕುಡಿದು ಬಿಸಾಡಿದ ನೀರಿನ ಪೊಟ್ಟಣಗಳು ಮೋರಿ ಕಟ್ಟಿ, ಮಳೆಗೆ ನೀರು ರಸ್ತೆಗೆ ಏರುತ್ತದೆ. ರಾಜಧಾನಿ ಅಕ್ರಾದಲ್ಲಿ 2015ರ ಜೂನ್ 3ರ ನೆರೆಯ ರಾತ್ರಿ ಪೆಟ್ರೋಲ್ ಬಂಕೂ ಸ್ಫೋಟಿಸಿ 150ಕ್ಕೂ ಹೆಚ್ಚು ಜನ ಸತ್ತರು. ಜೋರು ಮಳೆಯಲ್ಲಿ ರಸ್ತೆಯಂಚು ಬಿಟ್ಟು ಎತ್ತರದ ಜಗಲಿ ಹಿಡಿದು ನಿಲ್ಲಿ. ಯಾವ ಅಂಗಡಿಯವರೂ ಬೇಡ ಅನ್ನುವುದಿಲ್ಲ.