ಹಳೇ ಬ್ರೌಸರ್ ಹ್ಯಾಕ್‌ಗಳಿಂದ ಬರುವ ಸಿಎಸ್‌ಎಸ್ ಎರರ್: ಯಾವುದನ್ನು ತೆಗೆಯಬೇಕು, ಯಾವುದನ್ನು ಉಳಿಸಬೇಕು?

ಪುಣೆಯ ನಿಮ್ಮ ಕನ್ನಡ ಸಂಘದ ಹಳೇ ಸೈಟಿನ ಸ್ಟೈಲ್‌ಶೀಟನ್ನು (ಪುಟದ ಅಂದವನ್ನು ಹೇಳುವ ಸಿಎಸ್‌ಎಸ್ ಫೈಲ್) ಡಬ್ಲ್ಯು3ಸಿ ವ್ಯಾಲಿಡೇಟರ್‌ಗೆ, ಅಂದರೆ ಸಿಎಸ್‌ಎಸ್ ತಪ್ಪು ಹುಡುಕುವ ಸಾಧನಕ್ಕೆ, ಕೊಟ್ಟರೆ ಸಾಲುಸಾಲು ಎರರ್ ಬರುತ್ತಿದೆ, ಎಲ್ಲ ಅಳಿಸಿಬಿಡಲೇ ಎಂದು ಕೇಳಿದ್ದೀರಿ. ಬೇಡ, ವಿಂಗಡಿಸಿ.

ಪ್ರಾಪರ್ಟಿ (ಬಣ್ಣ, ಅಗಲದಂಥ ಗುಣ) ಹೆಸರಿನ ಮುಂದೆ * ಇದ್ದರೆ ಅದು ಹ್ಯಾಕ್, ಅಂದರೆ ಇಂಟರ್ನೆಟ್ ಎಕ್ಸ್‌ಪ್ಲೋರರ್ 7 ಮತ್ತು ಅದಕ್ಕೂ ಹಳೆಯದಕ್ಕೆ ಮಾತ್ರ ಅನ್ವಯಿಸಲೆಂದು ಬರೆದ ಸಾಲು. ಅಂಡರ್‌ಸ್ಕೋರ್ ಇದ್ದರೆ 6ಕ್ಕೆ. ಇವನ್ನು ಧೈರ್ಯವಾಗಿ ತೆಗೆಯಿರಿ. ಈಗಿನ ಬ್ರೌಸರ್‌ಗಳು ಇಂಥ ಸಾಲನ್ನು ಸೆಮಿಕೋಲನ್‌ವರೆಗೆ ಓದಿ ಕೈಬಿಡುತ್ತವೆ, ಹಾಗಾಗಿ ಪುಟ ಕದಲುವುದಿಲ್ಲ. ಅಳಿಸುವಾಗ ಹಿಂದಿನ ಸಾಲಿನ ಸೆಮಿಕೋಲನ್ ಹಾರಿಹೋಗದಂತೆ ನೋಡಿಕೊಳ್ಳಿ. ಹೋದರೆ ಎರಡು ಸಾಲು ಒಂದಾಗಿ ಎರಡೂ ಸಾಯುತ್ತವೆ. ಫಿಲ್ಟರ್ ಆಲ್ಫಾ 50 ಎಂಬಂಥದ್ದು (ಅರೆಪಾರದರ್ಶಕ ಮಾಡುವ ಹಳೇ ಎಕ್ಸ್‌ಪ್ಲೋರರ್ ವಿಧಾನ) ಕಂಡರೆ ಪಕ್ಕದಲ್ಲಿ ಅದೇ ಕೆಲಸದ ಒಪಾಸಿಟಿ 0.5 ಇದೆಯೇ ಎಂದು ಖಾತ್ರಿ ಮಾಡಿಕೊಂಡೇ ಅಳಿಸಿ.

ವೆಬ್‌ಕಿಟ್ ಪ್ರಿಫಿಕ್ಸ್ (ಹೆಸರಿನ ಮುಂದೆ ಬರುವ -webkit- ಎಂಬ ಬ್ರೌಸರ್ ಗುರುತು) ಮಾತ್ರ ಬೇರೆ ವಿಷಯ. ಸುದ್ದಿ ಶೀರ್ಷಿಕೆಯನ್ನು ಎರಡು ಸಾಲಿಗೆ ಕತ್ತರಿಸುವ ಲೈನ್-ಕ್ಲ್ಯಾಂಪ್ ಇವತ್ತಿಗೂ ಆ ಪ್ರಿಫಿಕ್ಸ್ ಮೇಲೆಯೇ ನಿಂತಿದೆ. ಅದನ್ನು ಮುಟ್ಟಬೇಡಿ. ವ್ಯಾಲಿಡೇಟರ್‌ನ ಹೆಚ್ಚುವರಿ ಆಯ್ಕೆಗಳಲ್ಲಿ ವೆಂಡರ್ ಎಕ್ಸ್‌ಟೆನ್ಶನ್‌ಗಳನ್ನು (ಇಂಥ ಪ್ರಿಫಿಕ್ಸ್ ಇರುವವನ್ನು) ಎರರ್ ಬದಲು ವಾರ್ನಿಂಗ್ ಎಂದು ತೋರಿಸುವಂತೆ ಇಡಿ, ಸಾಕು.

ನಿಜವಾಗಿ ಕಾಟ ಕೊಡುವುದು ಸೆಲೆಕ್ಟರ್‌ನಲ್ಲಿರುವ (ರೂಲ್ ಪುಟದ ಯಾವ ಭಾಗಕ್ಕೆ ಎಂದು ಹೇಳುವ ಹೆಸರಿನಲ್ಲಿರುವ) ಪ್ರಿಫಿಕ್ಸ್. ಖಾಲಿ ಇನ್‌ಪುಟ್ ಬಾಕ್ಸ್‌ನಲ್ಲಿ ಕಾಣುವ ಸೂಚನೆಗೆ, ಅಂದರೆ ಪ್ಲೇಸ್‌ಹೋಲ್ಡರ್‌ಗೆ, ಮೊಝಿಲ್ಲಾ (ಫೈರ್‌ಫಾಕ್ಸ್) ಪ್ರಿಫಿಕ್ಸ್ ಇರುವ ಹೆಸರನ್ನೂ ಮಾಮೂಲಿ ಹೆಸರನ್ನೂ ಅಲ್ಪವಿರಾಮ ಹಾಕಿ ಒಂದೇ ರೂಲ್‌ನಲ್ಲಿ ಬರೆದರೆ, ಒಂದು ಹೆಸರು ಕ್ರೋಮ್‌ಗೆ ಗೊತ್ತಿಲ್ಲದ ಕಾರಣಕ್ಕೆ ಇಡೀ ರೂಲ್ ಬಿದ್ದುಹೋಗುತ್ತದೆ. ಬೇರೆ ಬೇರೆ ರೂಲ್ ಮಾಡಿ. ಹಳೇ ಫೈರ್‌ಫಾಕ್ಸ್ ಬೇಡವಾದರೆ ಮಾಮೂಲಿಯದೊಂದೇ ಇರಲಿ.