900 ಬೀಜ ಆರಿಸಿದ ಮೇಲೆ ಎರಡನೇ ಭಾಗ ಸಪ್ಪೆ ಎನಿಸುವುದೇಕೆ?

ಮಾನ್ವಿಯಿಂದ ನೀವು ಕೇಳಿದ್ದು ಇದು: ಜೆಲ್ಡಾ ವಿಡಿಯೊ ಗೇಮ್ ಸರಣಿಯ ‘ಬ್ರೆತ್ ಆಫ್ ದಿ ವೈಲ್ಡ್’ ನೂರಕ್ಕೆ ನೂರು ಮುಗಿಸಿ ಮರುದಿನವೇ ಅದರ ಎರಡನೇ ಭಾಗ ‘ಟಿಯರ್ಸ್ ಆಫ್ ದಿ ಕಿಂಗ್ಡಮ್’ ಹಚ್ಚಿದಿರಿ, 40 ಗಂಟೆಯಲ್ಲಿ ಬೇಸರ ಬಂತು. ಗೇಮೇ ಕೆಟ್ಟದ್ದೋ, ನಿಮಗೇ ಸಾಕಾಗಿದೆಯೋ?

ಹೆಚ್ಚಿನ ಪಾಲು ನಿಮ್ಮ ದಣಿವು. ಸ್ವಲ್ಪ ಗೇಮಿನದೂ ತಪ್ಪಿದೆ.

ಮೊದಲನೆಯದರಲ್ಲಿ ಕೊನೆಯ ಖಳ ಗ್ಯಾನನ್‌ನನ್ನು ಸೋಲಿಸಿದ ಮೇಲೆ ಮ್ಯಾಪ್‌ನಲ್ಲಿ ಪರ್ಸೆಂಟ್ ಕಾಣಿಸಿಕೊಳ್ಳುತ್ತದಲ್ಲ, ಅದರ ಸುಮಾರು ಮುಕ್ಕಾಲು ಭಾಗ ಬರೀ ಕೊರೊಕ್ ಬೀಜಗಳದ್ದು, ಅಂದರೆ ಕೊರೊಕ್ ಎಂಬ ಕಾಡಿನ ಪುಟ್ಟ ಜೀವಿಗಳು ಕೊಡುವ ಬೀಜಗಳದ್ದು. ಒಟ್ಟು 900 ಇವೆ. ಆಯುಧ, ಬಿಲ್ಲು, ಗುರಾಣಿ ಇಡುವ ಜಾಗವನ್ನು ಪೂರ್ತಿ ಹೆಚ್ಚಿಸಿಕೊಳ್ಳಲು ಬೇಕಾದ್ದು 441 ಮಾತ್ರ. ಉಳಿದ 459ನ್ನೂ ಹುಡುಕಿ ತಂದರೆ, ಬೀಜ ಪಡೆದು ಆ ಜಾಗ ಹೆಚ್ಚಿಸುವ ಕೊರೊಕ್ ಹೆಸ್ಟು ಒಂದು ಬಂಗಾರದ ಬಣ್ಣದ ಕಾಣಿಕೆ ಕೊಡುತ್ತಾನೆ. ಬೇಕೆಂದಾಗ ಅವನನ್ನು ಕುಣಿಸಬಹುದು, ಬೇರೆ ಉಪಯೋಗವಿಲ್ಲ. ಯಾವ ದಿಕ್ಕಿಗೆ ನಡೆದರೂ ಏನಾದರೊಂದು ಸಿಗಲಿ ಎಂದೇ ಅಷ್ಟು ಬೀಜ ಚೆಲ್ಲಿದ್ದಾರೆ, ಒಬ್ಬನೇ ಎಲ್ಲವನ್ನೂ ಆರಿಸಲಿ ಎಂದಲ್ಲ. ಹತ್ತಿ ಹೊಲದ ಲೆಕ್ಕ ನಿಮ್ಮ ಕಡೆಯವರಿಗೆ ಹೇಳಬೇಕಿಲ್ಲ: ಮೊದಮೊದಲು ಬಿಡಿಸುವಾಗ ಕೂಲಿ ಗಿಟ್ಟುತ್ತದೆ, ಗಿಡಕ್ಕೆ ಒಂದೆರಡು ಕಾಯಿ ಉಳಿದಾಗ ಕೂಲಿಯೇ ಹತ್ತಿಯ ಬೆಲೆ ಮೀರುತ್ತದೆ. ಇದಕ್ಕೆ ಹೋಲಿಸಿದರೆ ಒಗಟು ಬಿಡಿಸುವ ಪುಟ್ಟ ಗುಡಿಗಳಾದ 120 ಶ್ರೈನ್‌ಗಳ ಶ್ರಮ ಸಾರ್ಥಕ. ಪ್ರತಿ ನಾಲ್ಕಕ್ಕೆ ಒಂದು ಹೃದಯವೋ (ಜೀವಬಲ) ಸ್ಟ್ಯಾಮಿನಾವೋ (ದಮ್ಮು) ಸಿಗುತ್ತದೆ.

ಎರಡನೇ ಭಾಗ ಬಂದದ್ದು 2023ರಲ್ಲಿ, ಮೊದಲನೆಯದು 2017ರಲ್ಲಿ. ಆರು ವರ್ಷ ಬಿಟ್ಟು ಆಡಿದವರಿಗೆ ಎರಡೂ ಗೇಮ್ ನಡೆಯುವ ರಾಜ್ಯ ಹೈರೂಲ್‌ನ ನೆಲ ಹಳೆಯ ಊರಿಗೆ ಮರಳಿದಂತೆ ಅನಿಸಿತು. ನೀವು ಪ್ರತಿ ಬಂಡೆ ಎತ್ತಿ ನೋಡಿದ ಮರುದಿನವೇ ಅದೇ ನೆಲಕ್ಕೆ ಇಳಿದಿರಿ. ಇಲ್ಲಿ ಬೀಜ 1000, ಶ್ರೈನ್ 152. ಪಟ್ಟಿ ನೋಡಿದೊಡನೆ ಕೈ ಸೋಲುವುದು ಸಹಜ. ಗೇಮಿನ ನಿಜವಾದ ದೋಷ ಕಥೆಯಲ್ಲಿದೆ: ನಾಲ್ಕೂ ದೇಗುಲಗಳ ಕೊನೆಯಲ್ಲಿ ಹೆಚ್ಚುಕಮ್ಮಿ ಅದೇ ವಿವರಣೆಯನ್ನು ಮತ್ತೆ ಮತ್ತೆ ಕೇಳಿಸುತ್ತಾರೆ. ಅದು ನನಗೆ ಸೋಮಾರಿತನವಾಗಿಯೇ ಕಾಣುತ್ತದೆ.

ಒಂದು ತಿಂಗಳು ಬಿಡಿ. ಬೇರೆ ಬಗೆಯ ಗೇಮ್ ಆಡಿ, ಇಲ್ಲವೇ ಏನೂ ಆಡಬೇಡಿ. ಮರಳಿದಾಗ ನೆಲದ ಮೇಲೆ ಅಲೆಯಬೇಡಿ. ಮೊದಲು ರೀಟೋ ಹಳ್ಳಿಯ ಗಾಳಿ ದೇಗುಲ ಮುಗಿಸಿ. ಅಲ್ಲಿನ ಹಕ್ಕಿಹುಡುಗ ಟ್ಯೂಲಿನ್ ಜೊತೆಯಾದರೆ ಹಾರುವಾಗ ಅವನ ಗಾಳಿ ಮುಂದಕ್ಕೆ ತಳ್ಳುತ್ತದೆ, ದೂರಗಳು ಚಿಕ್ಕದಾಗುತ್ತವೆ. ಆಮೇಲೆ ಸಂಶೋಧಕಿ ಜೋಶಾ ಹೇಳುವ ಪಾತಾಳದ (ನೆಲದಡಿಯ ಕತ್ತಲ ಲೋಕ) ಕೆಲಸ ಹಿಡಿದು, ಒಮ್ಮೆ ಕಟ್ಟಿದ್ದನ್ನು ತಾನೇ ಮತ್ತೆ ಕಟ್ಟುವ ಆಟೋಬಿಲ್ಡ್ ಶಕ್ತಿ ಪಡೆಯಿರಿ. ಕಟ್ಟಿದ ಗಾಡಿಯನ್ನೇ ಮತ್ತೆ ಮತ್ತೆ ಕೈಯಿಂದ ಅಂಟಿಸುವ ಕಾಟ ಅಲ್ಲಿಗೆ ತಪ್ಪುತ್ತದೆ.

ಶ್ರೈನ್ ಹುಡುಕಾಟಕ್ಕೆ ಗೈಡ್ ಬೇಕಿಲ್ಲ. ಪಾತಾಳಕ್ಕೆ ಬೆಳಕು ಕೊಡುವ 120 ಲೈಟ್‌ರೂಟ್‌ಗಳು ನೆಲದ ಮೇಲಿನ 120 ಶ್ರೈನ್‌ಗಳ ನೇರ ಕೆಳಗೇ ಇವೆ. ಒಂದು ಮ್ಯಾಪ್‌ನಲ್ಲಿ ಗುರುತಿದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಅಲ್ಲಿಗೇ ಹೋಗಿ. ಉಳಿದ 32 ಆಕಾಶದಲ್ಲಿವೆ. ನೆಲದ ಮೇಲಿನ ದೊಡ್ಡ ಚಿತ್ರಗಳಲ್ಲಿ ಸಿಗುವ ಡ್ರ್ಯಾಗನ್ ಕಣ್ಣೀರಿನ ನೆನಪುಗಳನ್ನು ಸಿಕ್ಕ ಹಾಗೆ ನೋಡಿದರೆ ಕಥೆಯ ಗುಟ್ಟು ಮೊದಲೇ ಬಯಲಾಗುತ್ತದೆ. ಫಾರ್ಗಾಟನ್ ಟೆಂಪಲ್‌ನ ಗೋಡೆಯಲ್ಲಿ ಅವುಗಳ ಕ್ರಮವಿದೆ, ಹಾಗೆಯೇ ನೋಡಿ. ಬೀಜ ಬೇಕೆನಿಸಿದರೆ ಬೆನ್ನಿಗೆ ದೊಡ್ಡ ಮೂಟೆ ಹೊತ್ತು ಕುಳಿತ ಕೊರೊಕ್‌ನನ್ನು ಗೆಳೆಯನ ಬಳಿ ಮುಟ್ಟಿಸಿ. ಒಂದು ಕೆಲಸಕ್ಕೆ ಎರಡು ಬೀಜ ಬರುವುದು ಅಲ್ಲಿ ಮಾತ್ರ.

ಎಲ್ಲ ಗೇಮ್‌ಗಳಲ್ಲೂ ಹೀಗೆ ಬಿಟ್ಟುಬಿಡಲಾಗದು. ‘ಬ್ಯಾಟ್‌ಮ್ಯಾನ್: ಆರ್ಖಮ್ ನೈಟ್’ನಲ್ಲಿ ಖಳ ರಿಡ್ಲರ್‌ನ 243 ಒಗಟುಗಳನ್ನೂ ಮುಗಿಸದೆ ಪೂರ್ತಿ ಅಂತ್ಯ ಸಿಗುವುದಿಲ್ಲ. ಅಂಥ ಕಡೆ ಅಂತ್ಯವನ್ನು ಯೂಟ್ಯೂಬ್‌ನಲ್ಲಿ ನೋಡಿ ಎಂದು ಸಂಕೋಚವಿಲ್ಲದೆ ಹೇಳುತ್ತೇನೆ. ಜೆಲ್ಡಾದಲ್ಲಿ ಆ ಬಲವಂತವಿಲ್ಲ.

ಇನ್ನೊಂದು ಮಾತು, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಈ ಗೇಮ್‌ಗಳು ಓಡುವ ನಿಂಟೆಂಡೊ ಸ್ವಿಚ್ 5ರಿಂದ 35 ಡಿಗ್ರಿಯೊಳಗೆ ಓಡಬೇಕಾದ ಯಂತ್ರ. ರಾಯಚೂರು ಸೀಮೆಯ ಬೇಸಿಗೆ 40 ದಾಟುತ್ತದೆ. ಅದನ್ನು ಟಿವಿಗೆ ಜೋಡಿಸುವ ಡಾಕ್ ಅನ್ನು ಟಿವಿ ಕಪಾಟಿನಿಂದ ಹೊರಗಿಡಿ, ಮೇಲಿನ ಗಾಳಿಕಿಂಡಿ ಮುಚ್ಚದಂತೆ ನೋಡಿಕೊಳ್ಳಿ, ತೇವ ಉಗುಳುವ ಕೂಲರ್ ಎದುರು ಇಡಬೇಡಿ. ಮಧ್ಯಾಹ್ನ ಚಾರ್ಜಿಗೆ ಹಾಕಿಕೊಂಡೇ ಆಡುವುದು ಬೇಡ. ಬೆಳಗಿನ ಜಾವ ಒಂದು ಗಂಟೆ, ರಾತ್ರಿ ಒಂದು ಗಂಟೆ ಆಡಿದರೆ ಯಂತ್ರವೂ ತಣ್ಣಗಿರುತ್ತದೆ, ಒಂದು ದೇಗುಲವೂ ಮೂರ್ನಾಲ್ಕು ದಿನದಲ್ಲಿ ಮುಗಿಯುತ್ತದೆ.